ಟೆಪೆ ಮನೆಯ ಮೂಗು

ಸಿನ್ಸಿನಾಟಿಗೆ ಹೊಸದಾಗಿ ಬಂದವರು ಎರಡು ದಿನ ಮೂಗು ಮುಚ್ಚಿಕೊಂಡು ಓಡಾಡುತ್ತಾರೆ. ಮೂರನೆಯ ದಿನ ಕರವಸ್ತ್ರ ಜೇಬು ಸೇರುತ್ತದೆ. ತಿಂಗಳು ಕಳೆದ ಮೇಲೆ ಅವರೇ ಇನ್ನೊಬ್ಬ ಹೊಸಬನನ್ನು ನಿಲ್ಲಿಸಿ, "ಯಾವ ವಾಸನೆ ಮಾರಾಯ?" ಎಂದು ಕೇಳುತ್ತಾರೆ. ಅಲ್ಲಿಗೆ ಅವರು ಊರಿನವರಾದರು ಎಂದು ಅರ್ಥ.

ಊರಿನವರನ್ನು ದೂರುವಂತೆಯೂ ಇಲ್ಲ. ನವೆಂಬರಿನಲ್ಲಿ ಮೊದಲ ಮಂಜು ಬಿದ್ದದ್ದೇ ತಡ, ಕೆಂಟಕಿಯಿಂದ ದೋಣಿ ಹತ್ತಿ, ಇಂಡಿಯಾನಾದಿಂದ ಕಾಲ್ನಡಿಗೆಯಲ್ಲಿ ಹಂದಿಗಳ ದಂಡು ಬರುತ್ತಿತ್ತು. ಬೀದಿಯ ತುಂಬ ಹಂದಿ. ಪಾದ್ರಿಯ ಗಾಡಿಯೂ ನಿಲ್ಲಬೇಕು, ಮೇಯರನ ಗಾಡಿಯೂ ನಿಲ್ಲಬೇಕು, ಹಂದಿ ಮಾತ್ರ ನಿಲ್ಲುತ್ತಿರಲಿಲ್ಲ. ಹಿಂದೆ ಈ ಊರಿನಲ್ಲಿ ತೊಡೆ, ಪಕ್ಕೆಯ ಕೊಬ್ಬು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೊಳೆಗೆ ಸುರಿಯುತ್ತಿದ್ದರು. ಪಕ್ಕೆಲುಬು ಬೇಕೆಂದವರು ಬುಟ್ಟಿ ತಂದು ಪುಕ್ಕಟೆ ತುಂಬಿಕೊಂಡು ಹೋಗಬಹುದಿತ್ತು. ಆಮೇಲೆ ಒಬ್ಬನಿಗೆ ಕೊಬ್ಬಿನಿಂದ ಮೇಣದಬತ್ತಿ ಹೊಳೆಯಿತು, ಇನ್ನೊಬ್ಬನಿಗೆ ಸೋಪು, ಮತ್ತೊಬ್ಬನಿಗೆ ಕೂದಲಿನಿಂದ ಬ್ರಷ್ಷು, ಗೊರಸಿನಿಂದ ಅಂಟು. ಹಂದಿಯ ಕೂಗೊಂದನ್ನು ಪೀಪಾಯಿಗೆ ತುಂಬುವುದು ಹೇಗೆಂದು ತಿಳಿಯದೆ ಸುಮ್ಮನೆ ಬಿಟ್ಟರು. ಹಂದಿ ಕಡಿದು ಮಾಂಸ ಉಪ್ಪು ಹಾಕುವ ಎರಡು ಕಾರ್ಖಾನೆ ಇದ್ದದ್ದು ನಲವತ್ತಾಯಿತು. ಡೀರ್ ಕ್ರೀಕ್ ಎಂಬ ಹೊಳೆ ಚಳಿಗಾಲ ಪೂರ್ತಿ ಕೆಂಪಗೆ ಹರಿಯುತ್ತಿತ್ತು.

ಇಂಥ ಊರಿನಲ್ಲಿ ಗೆರ್ಹಾರ್ಡ್ ಟೆಪೆ ಮೂಗಿನಿಂದಲೇ ಹೊಟ್ಟೆ ಹೊರೆಯುತ್ತಿದ್ದ.

ಪ್ರೂಡನ್ನರ ಕಾರ್ಖಾನೆಯಲ್ಲಿ ಅವನದು ತೊಡೆ ಮೂಸುವ ಕೆಲಸ. ಉಪ್ಪಿನಲ್ಲಿ ನೆನೆದು, ಹೊಗೆಮನೆಯಲ್ಲಿ ತೂಗಾಡಿ ಹೊಂಬಣ್ಣಕ್ಕೆ ಬಂದ ಹಂದಿ ತೊಡೆ ಹೊರಗಿನಿಂದ ಎಷ್ಟೇ ಚಂದ ಕಂಡರೂ ನಂಬುವಂತಿಲ್ಲ. ಉಪ್ಪು ಒಳಗಿಳಿಯುವ ಮೊದಲು ಒಂದೆರಡು ದಿನ ಬಿಸಿಲೇರಿದ್ದರೆ ಮೂಳೆಯ ಸುತ್ತ ಹುಳಿತಿರುತ್ತದೆ. ಅಂಥದೊಂದು ಹಡಗು ಹತ್ತಿದರೆ ಇಡೀ ಕಾರ್ಖಾನೆಯ ಹೆಸರು ಹಾಳು. ಅದಕ್ಕೇ ಗೆರ್ಹಾರ್ಡ್ ಒಂದು ಗೇಣುದ್ದದ ತೆಳ್ಳನೆಯ ಉಕ್ಕಿನ ಕಡ್ಡಿಯನ್ನು ಪ್ರತಿ ತೊಡೆಗೂ ಮೂರು ಕಡೆ, ಮೂಳೆಯ ತನಕ ಚುಚ್ಚಿ, ಎಳೆದು, ಮೂಗಿನ ಕೆಳಗೆ ಹಿಡಿಯುತ್ತಿದ್ದ. ಆಮೇಲೆ ಕಡ್ಡಿಯನ್ನು ಎಡ ಹೆಗಲ ಮೇಲೆ ಇಳಿಬಿಟ್ಟ ಬಟ್ಟೆಗೆ ಒರೆಸಿ, ತೂತಿಗೆ ಹೆಬ್ಬೆರಳಿನಿಂದ ಕೊಬ್ಬು ಮೆತ್ತಿ, "ಒಳ್ಳೇದು" ಎಂದರೆ ಅದರ ಮೇಲೆ ಕಾದ ಮುದ್ರೆ ಬೀಳುತ್ತಿತ್ತು. ಮೇಲೆ ಪ್ರೂಡನ್ ಎಂದು, ಕೆಳಗೆ ಚಿಕ್ಕದಾಗಿ ಟೆಪೆ ಎಂದು. "ಕೆಟ್ಟದ್ದು" ಎಂದರೆ ಮೇಜಿನ ಪಕ್ಕದಲ್ಲಿದ್ದ ನೆಲದ ಕಿಂಡಿಯೊಳಗೆ ಬಿದ್ದು ಸೀದಾ ಸೋಪಿನವನ ರಾಶಿಗೆ. ಅಪೀಲು ಇಲ್ಲ.

ಆ ಕಡ್ಡಿಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ನಲವತ್ತು ಕಾರ್ಖಾನೆಗಳಲ್ಲೂ ಅದೇ ಪದ್ಧತಿ. ಮೂಸುವವನು ಕಡ್ಡಿಯನ್ನು ಇನ್ನೊಬ್ಬನ ಕೈಗೆ ಕೊಟ್ಟನೆಂದರೆ ಅವನ ಕೆಲಸ ಅಲ್ಲಿಗೆ ಮುಗಿಯಿತು, ಟೋಪಿ ಹಾಕಿಕೊಂಡು ಮನೆಗೆ ಹೋಗಬೇಕು. ಗೆರ್ಹಾರ್ಡನಿಗೆ ಅದನ್ನು ಕೊಟ್ಟ ಮುದುಕ ಹಾಗೇ ಹೋಗಿದ್ದ. ಅದಾಗಿ ಹತ್ತೊಂಬತ್ತು ವರ್ಷ.

ಹತ್ತೊಂಬತ್ತು ವರ್ಷದಿಂದ ಮೂಗನ್ನು ಮಗುವಿನಂತೆ ಸಾಕಿದ್ದ. ಮೊದಲ ಮಂಜಿನಿಂದ ಹಿಡಿದು ಈಸ್ಟರಿನ ಮಾಲು ಹಡಗು ಹತ್ತುವವರೆಗೆ ಮನೆಯಲ್ಲಿ ಈರುಳ್ಳಿ ಹುರಿಯುವಂತಿಲ್ಲ. ಹುಳಿ ಎಲೆಕೋಸಿನ ಜಾಡಿ ತೆರೆಯುವಂತಿಲ್ಲ. ಪೈಪು, ಕಾಫಿ, ವಿನೆಗರ್, ಬೆಳ್ಳುಳ್ಳಿ ಯಾವುದೂ ಇಲ್ಲ. ಜರ್ಮನರ ಮನೆಯಲ್ಲಿ ಚಳಿಗಾಲಕ್ಕೆ ಎಲೆಕೋಸಿಲ್ಲ ಎಂದರೆ ಮಿಕ್ಕಿದ್ದು ಬೇಯಿಸಿದ ಆಲೂಗಡ್ಡೆ ಮತ್ತು ದೇವರ ಭಯ. ಹೆಂಡತಿ ಥೆಕ್ಲಾ ಪ್ರತಿ ವರ್ಷ ಮಂಜು ಬಿದ್ದ ದಿನ ಈರುಳ್ಳಿಯ ಜಡೆಯನ್ನು ಗೋಡೆಯಿಂದ ಇಳಿಸಿ ಪಕ್ಕದ ಮನೆಗೆ ಕೊಟ್ಟು ಬರುತ್ತಿದ್ದಳು, ಬರುವಾಗ ದಾರಿಯುದ್ದಕ್ಕೂ ಗೊಣಗುತ್ತಿದ್ದಳು. "ಮೂಗು ಇವರದ್ದು, ಉಪವಾಸ ನಂದು," ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ಸಾವಿರದ ಎಂಟುನೂರ ಐವತ್ತಮೂರನೆಯ ಇಸವಿಯ ಫೆಬ್ರವರಿಯಲ್ಲಿ ಗೆರ್ಹಾರ್ಡನಿಗೆ ಶೀತಜ್ವರ ಬಂತು. ಕಾಲುವೆಯ ಆಚೆ, ಅವನಿದ್ದ ಜರ್ಮನರ ಕೇರಿಯಲ್ಲಿ, ಅರ್ಧ ಜನ ಹಾಸಿಗೆ ಹಿಡಿದಿದ್ದರು. ಏಳನೆಯ ದಿನ ಜ್ವರ ಬಿಟ್ಟಿತು. ಹತ್ತನೆಯ ದಿನ ಅವನು ಕೆಲಸಕ್ಕೆ ಹೊರಟ. ಹೊಸಿಲು ದಾಟಿದವನಿಗೆ ಏನೋ ಕಳೆದುಹೋದಂತಾಯಿತು. ಟೋಪಿ ಇತ್ತು. ಬುತ್ತಿ ಇತ್ತು. ಕಡ್ಡಿ ಅಂಗಿಯ ಒಳಜೇಬಿನಲ್ಲಿ ಭದ್ರವಾಗಿತ್ತು. ನಾಲ್ಕು ಹೆಜ್ಜೆ ನಡೆದ ಮೇಲೆ ಹೊಳೆಯಿತು, ಊರು ನಾರುತ್ತಿರಲಿಲ್ಲ.

ಗಾಳಿ ಕೆಂಟಕಿಯ ಕಡೆಗೆ ತಿರುಗಿರಬೇಕು ಎಂದುಕೊಂಡ. ತಲೆಯೆತ್ತಿ ನೋಡಿದರೆ ಸೋಪಿನ ಕಾರ್ಖಾನೆಯ ಹೊಗೆ ನೆಟ್ಟಗೆ ಅವನ ಮುಖಕ್ಕೇ ಬರುತ್ತಿತ್ತು.

ಮೇಜಿನ ಮುಂದೆ ನಿಂತು ಮೊದಲ ತೊಡೆಗೆ ಚುಚ್ಚಿ ಮೂಗಿಗೆ ಹಿಡಿದ. ಏನೂ ಇಲ್ಲ. ಹೊಗೆಯ ವಾಸನೆ ಇಲ್ಲ, ಉಪ್ಪಿನದೂ ಇಲ್ಲ, ಉಕ್ಕಿನದೂ ಇಲ್ಲ. ಎರಡನೆಯ ಕಡೆ ಚುಚ್ಚಿ ಹಿಡಿದ. ಮೂರನೆಯ ಕಡೆಯೂ ಅಷ್ಟೇ. ಹೊಗೆಮನೆಯಿಂದ ತೊಡೆಗಳನ್ನು ಹೊತ್ತು ತರುವ ಮೇಸ್ತ್ರಿ ಕ್ಲೆಮೆನ್ಸ್ ಅವನನ್ನೇ ನೋಡುತ್ತ ನಿಂತಿದ್ದ. ಕ್ಲೆಮೆನ್ಸ್ ಅವನ ಅಕ್ಕನ ಮಗ, ಮೂವತ್ತು ದಾಟಿದ ಸಂಸಾರಸ್ಥ. ಎರಡು ವರ್ಷದಿಂದ ಆ ಕಡ್ಡಿಯ ಮೇಲೆ ಕಣ್ಣಿಟ್ಟವನು.

"ಏನು ಮಾವ, ಮೂಸ್ತಿದೀರೋ ಮುತ್ತು ಕೊಡ್ತಿದೀರೋ?"

"ಒಳ್ಳೇದು," ಎಂದ ಗೆರ್ಹಾರ್ಡ್. ಮುದ್ರೆ ಬಿತ್ತು.

ಆ ದಿನದಿಂದ ಗೆರ್ಹಾರ್ಡ್ ಟೆಪೆ ಸುಳ್ಳು ಹೇಳಿ ಬದುಕತೊಡಗಿದ. ಬೆರಳುಗಳಿಗೆ ಸ್ವಲ್ಪ ತಿಳಿಯುತ್ತಿತ್ತು. ಹುಳಿತ ಮಾಂಸದಲ್ಲಿ ಕಡ್ಡಿ ಮೂಳೆಯ ಹತ್ತಿರ ಕೊಂಚ ಸಡಿಲವಾಗಿ ಇಳಿಯುತ್ತದೆ. ಆದರೆ ಎಳೆಯ ಹಂದಿಯ ಒಳ್ಳೆಯ ಮಾಂಸದಲ್ಲೂ ಹಾಗೇ ಇಳಿಯುತ್ತದೆ. ಅನುಮಾನ ಬಂದದ್ದನ್ನೆಲ್ಲ ಕಿಂಡಿಗೆ ನೂಕಿದ. ಪಾಪಕ್ಕಿಂತ ನಷ್ಟ ಮೇಲು ಎಂದು ತನಗೆ ತಾನೇ ಹೇಳಿಕೊಂಡ, ನಷ್ಟ ಇನ್ನೊಬ್ಬರದ್ದಾದಾಗ ಹಾಗೆ ಹೇಳಿಕೊಳ್ಳುವುದು ಸುಲಭ. ಒಂದು ವಾರ ಕಳೆಯುವಷ್ಟರಲ್ಲಿ ಪ್ರೂಡನ್ನರು ಮೇಜಿನ ಹತ್ತಿರ ಬಂದು ನಿಂತರು. ಭಾರಿ ಆಳು. ಅವರು ನಿಂತರೆ ಕಿಟಕಿಯ ಬೆಳಕು ಹೋಗುತ್ತಿತ್ತು.

"ಗೆರ್ಹಾರ್ಡ್, ಸೋಪಿನವನು ನಿನ್ನೆ ನನಗೆ ಒಂದು ಪೆಟ್ಟಿಗೆ ಮೇಣದಬತ್ತಿ ಕಾಣಿಕೆ ಕಳಿಸಿದಾನೆ. ಹತ್ತು ವರ್ಷದಿಂದ ನನ್ನ ಮುಖ ಕಂಡ್ರೆ ಆಗ್ತಿರ್ಲಿಲ್ಲ ಅವನಿಗೆ. ಈಗ ಇದ್ದಕ್ಕಿದ್ದ ಹಾಗೆ ಯಾಕೋ ಪ್ರೀತಿ?"

"ಈ ಸಲ ಜನವರೀಲಿ ಸೆಕೆ ಜಾಸ್ತಿ ಆಯ್ತಲ್ಲ, ಧಣಿಗಳೆ."

"ಸೆಕೆ ನಲವತ್ತು ಕಾರ್ಖಾನೆಗೂ ಆಯ್ತಪ್ಪ. ಮೇಣದಬತ್ತಿ ಬಂದಿದ್ದು ನಮಗೊಬ್ಬರಿಗೆ. ಅಲ್ಲಿ ನೋಡಿದ್ರೆ ಚಿಕಾಗೋದವರು ರೈಲು ಹಾಕ್ಕೊಂಡು, ನಿಮ್ಮೂರಿನ ಹಂದೀನೂ ನಾವೇ ತಗೋತೀವಿ ಅಂತ ಕೂತಿದಾರೆ. ಸ್ವಲ್ಪ ನೋಡಿ ಎಸಿ."

ಮರುದಿನದಿಂದ ಹೆಚ್ಚು ತೊಡೆಗಳಿಗೆ ಒಳ್ಳೇದು ಎಂದ. ಪ್ರತಿ ಸಲ ಹಾಗೆಂದಾಗಲೂ ಎಲ್ಲೋ ಯಾರದೋ ಮನೆಯ ಹಬ್ಬದ ಮೇಜು ಕಣ್ಣ ಮುಂದೆ ಬರುತ್ತಿತ್ತು. ಬಿಳಿ ಬಟ್ಟೆ, ಸುತ್ತ ಮಕ್ಕಳು, ನಡುವೆ ತನ್ನ ಹೆಸರು ಹೊತ್ತ ತೊಡೆ. ಅಪ್ಪನಾದವನು ಚಾಕು ಹಾಕಿ ಮುಖ ಸಿಂಡರಿಸುತ್ತಿದ್ದ. ಗೆರ್ಹಾರ್ಡನಿಗೆ ರಾತ್ರಿ ನಿದ್ದೆ ಬರದಂತಾಯಿತು. ನಿಜ ಹೇಳಿದರೆ ಕಡ್ಡಿ ಹೋಗುತ್ತದೆ, ಹೇಳದಿದ್ದರೆ ಹೆಸರು ಹೋಗುತ್ತದೆ. ಎರಡೂ ಹೋದ ಮೇಲೆ ತಾನು ಯಾರು ಎಂದು ಯೋಚಿಸಿದರೆ ಉತ್ತರ ಸಿಗುತ್ತಿರಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಅವಳ ಹತ್ತೊಂಬತ್ತು ವರ್ಷದ ಎಲೆಕೋಸು ನೆನಪಾಗಿ ಬಾಯಿ ಬರಲಿಲ್ಲ.

ಈಸ್ಟರಿನ ಮಾಲಿಗೆ ಒಂದು ವಾರ ಉಳಿದಿತ್ತು. ನಾನೂರು ತೊಡೆ ಶನಿವಾರ ನ್ಯೂ ಆರ್ಲಿಯನ್ಸಿನ ಸ್ಟೀಮರ್ ಹತ್ತಬೇಕು. ಸೋಮವಾರ ಸಂಜೆ ಗೆರ್ಹಾರ್ಡ್ ಮನೆಗೆ ಬಂದು ಕೋಟು ಬಿಚ್ಚುತ್ತಿದ್ದಾಗ ಥೆಕ್ಲಾ ಒಲೆಯ ಮುಂದಿನಿಂದ ತಿರುಗಿ ನೋಡಿದಳು.

"ಏನ್ರೀ, ಒಳಗೆ ಬಂದಾಗ ಏನಾದ್ರೂ ಗೊತ್ತಾಯ್ತಾ?"

"ಏನು?"

"ಏನೂ ಇಲ್ಲ. ಕೂತ್ಕೊಳ್ಳಿ."

ಅವನ ಮುಂದೆ ಆಲೂಗಡ್ಡೆಯ ತಟ್ಟೆ ಇಟ್ಟಳು. ಆಮೇಲೆ ಒಲೆಯ ಹಿಂದಿನಿಂದ ಬಾಣಲೆ ತಂದು ಪಕ್ಕದಲ್ಲಿ ಇಟ್ಟಳು. ಕೊಬ್ಬಿನಲ್ಲಿ ಕೆಂಪಗೆ ಹುರಿದ ಈರುಳ್ಳಿ, ಇನ್ನೂ ಚುರುಗುಟ್ಟುತ್ತಿತ್ತು. ಗೆರ್ಹಾರ್ಡ್ ಗಾಬರಿ ಬಿದ್ದು ಮುಖದ ತುಂಬ ಸಿಟ್ಟು ತಂದುಕೊಂಡ.

"ಲೇ, ಬುದ್ಧಿ ನೆಟ್ಟಗಿದೆಯೇನೆ ನಿಂಗೆ? ಮಾಲು ಹೋಗೋ ವಾರದಲ್ಲಿ ಈರುಳ್ಳಿ ಹುರೀತೀಯ? ಬೀದಿ ತಿರುವಲ್ಲೇ ಬಂತು ವಾಸನೆ."

"ಬಂತಾ?"

"ಬರ್ದೆ ಏನು? ನಂಗೆ ಮೂಗಿಲ್ವಾ?"

"ಅದನ್ನೇ ನಾನೂ ಕೇಳ್ತಿರೋದು." ಥೆಕ್ಲಾ ಎದುರು ಕೂತಳು. "ಹನ್ನೊಂದು ದಿನದಿಂದ ಹುರೀತಿದೀನಿ ಕಣ್ರೀ."

ಗೆರ್ಹಾರ್ಡ್ ಚಮಚ ಕೆಳಗಿಟ್ಟ.

"ನೀವು ಜ್ವರ ಬಿಟ್ಟು ಕೆಲಸಕ್ಕೆ ಹೋದ್ರಲ್ಲ, ಅವತ್ತು ಪಕ್ಕದ ಮನೆಯವಳು ಬೇಡ ಅಂದ್ರೂ ಎರಡು ಈರುಳ್ಳಿ ಕೈಗಿಟ್ಳು. ಆಸೆ ತಡೀಲಿಲ್ಲ, ಹುರಿದು ತಿಂದೆ. ಕಿಟಕಿ ಬಾಗಿಲು ತೆರೆದು, ಹಾಸಿಗೆ ಕೊಡವಿ, ನೀವು ಬರೋ ಹೊತ್ತಿಗೆ ನಡುಗ್ತಾ ನಿಂತಿದ್ದೆ. ನೀವು ಬಂದ್ರಿ, ಉಂಡ್ರಿ, ಮಲಗಿದ್ರಿ. ಮರುದಿನ ಒಂದು ಕಿಟಕಿ ತೆರೆದೆ. ಅದರ ಮರುದಿನ ಯಾವುದೂ ತೆರೀಲಿಲ್ಲ. ನಾಲ್ಕನೇ ದಿನ ಎಲೆಕೋಸಿನ ಜಾಡಿ ತಂದೆ. ಅದು ನಿಮ್ಮ ಕಾಲ ಕೆಳಗೇ ಇದೆ, ನೋಡಿ."

ಬಗ್ಗಿ ನೋಡಿದ. ಜಾಡಿ ಅವನ ಬೂಟಿಗೆ ತಾಗಿಕೊಂಡೇ ಇತ್ತು.

"ಗೊತ್ತಿದ್ರೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಸುಳ್ಳು ಯಾಕೆ ಹೇಳ್ಲಿ, ತಿನ್ನೋ ಆಸೆಗೆ. ಹತ್ತೊಂಬತ್ತು ಚಳಿಗಾಲ ಆಯ್ತಲ್ಲ." ಆಮೇಲೆ ದನಿ ತಗ್ಗಿಸಿದಳು. "ಇವತ್ತು ಮಾತ್ರ ಗಂಟಲಲ್ಲಿ ಇಳೀಲಿಲ್ಲ. ನಿನ್ನೆ ಒಗೆಯೋವಾಗ ನಿಮ್ಮ ಹೆಗಲ ಬಟ್ಟೇಲಿ ಮೂರು ಕಡೆ ಹುಳಿ ವಾಸನೆ ಇತ್ತು. ಶನಿವಾರ ಎಷ್ಟು ಎಸೆದ್ರಿ?"

"ಹದಿನೇಳು."

"ಆ ಮೂರೂ ಅದ್ರಲ್ಲಿ ಇದ್ವಾ?"

ಗೆರ್ಹಾರ್ಡ್ ತಟ್ಟೆಯನ್ನು ಆಚೆ ಸರಿಸಿದ. ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಅತ್ತ. ಐವತ್ತೆಂಟು ವರ್ಷದ ಗಂಡಸು ಅಡುಗೆಮನೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ. ಥೆಕ್ಲಾ ತಡೆಯಲಿಲ್ಲ. ಅವನು ಮುಗಿಸಿದ ಮೇಲೆ ಬಾಣಲೆ, ಜಾಡಿ ಎರಡನ್ನೂ ಹಿತ್ತಲಿನಾಚೆ ಪಕ್ಕದ ಮನೆಗೆ ಕೊಟ್ಟು, ಕೈ ತೊಳೆದುಕೊಂಡು ಬಂದಳು.

"ಬಟ್ಟೇಲಿರೋ ವಾಸನೆ ನಿಂಗೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದ.

"ದಿನಾ ಒಗೆಯೋಳು ಯಾರು? ಎಷ್ಟು ಕೆಟ್ಟಿದ್ವು ಅಂತ ನೀವು ಬಾಯಿ ಬಿಡೋಕೆ ಮುಂಚೆನೇ ನಂಗೆ ಗೊತ್ತಿರ್ತಿತ್ತು. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಮಂಗಳವಾರ ಬೆಳಿಗ್ಗೆ ಥೆಕ್ಲಾ ಟೆಪೆ ಪ್ರೂಡನ್ನರ ಕಾರ್ಖಾನೆಯಲ್ಲಿ ಹೊಲಿಗೆಗೆ ಸೇರಿದಳು. ಮುದ್ರೆ ಬಿದ್ದ ತೊಡೆಗಳಿಗೆ ದಪ್ಪ ಬಟ್ಟೆಯ ಚೀಲ ಹೊಲಿಯುವುದು ಹೆಂಗಸರ ಕೆಲಸ. ಈಸ್ಟರಿನ ಮಾಲು ಹೋಗುವ ವಾರದಲ್ಲಿ ಎಷ್ಟು ಜನ ಬಂದರೂ ಸಾಲದು. ಮೂಸುವ ಮೇಜಿನ ಎಡಗಡೆ ಒಂದು ಮುಕ್ಕಾಲಿ ಎಳೆದುಕೊಂಡು, ದಬ್ಬಣಕ್ಕೆ ದಾರ ಪೋಣಿಸಿ ಕೂತಳು. ಗೆರ್ಹಾರ್ಡ್ ಚುಚ್ಚುತ್ತಿದ್ದ, ಮೂಗಿಗೆ ಹಿಡಿದು ಗಂಭೀರವಾಗಿ ಕಣ್ಣು ಮುಚ್ಚುತ್ತಿದ್ದ, ಹೆಗಲ ಬಟ್ಟೆಗೆ ಒರೆಸುತ್ತಿದ್ದ. ಬಟ್ಟೆಯ ತುದಿ ಥೆಕ್ಲಾಳ ಕಿವಿಯ ಹತ್ತಿರ ಇಳಿಬಿದ್ದಿತ್ತು. ಅವಳು ದಾರ ಎಳೆಯುವ ನೆಪದಲ್ಲಿ ತಲೆ ಬಾಗಿಸಿ ಮೂಸುತ್ತಿದ್ದಳು. ಕೆಟ್ಟಿದ್ದರೆ ಒಂದು ಸಲ ಕೆಮ್ಮು, ಇಲ್ಲದಿದ್ದರೆ ಇಲ್ಲ. ಕಡ್ಡಿಯನ್ನು ಮಾತ್ರ ಅವಳು ಮುಟ್ಟಲಿಲ್ಲ. ಪದ್ಧತಿ ಪದ್ಧತಿಯೇ.

ಎರಡು ದಿನ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು. ಕಿಂಡಿಗೆ ಬೀಳುವ ತೊಡೆಗಳು ಕಡಿಮೆಯಾದವು. ಸೋಪಿನವನ ಪ್ರೀತಿ ಇಳಿಯಿತು. ಗುರುವಾರ ಹೊಗೆಮನೆಯ ಬಾಗಿಲು ಸರಿಯಾಗಿ ಮುಚ್ಚದೆ ಮೇಜಿನ ಸುತ್ತ ಹೊಗೆ ತುಂಬಿಕೊಂಡಿತು. ಥೆಕ್ಲಾಳಿಗೆ ನಿಜವಾದ ಕೆಮ್ಮು ಬಂತು. ನಿಲ್ಲಿಸಲು ನೋಡಿದಷ್ಟೂ ಹೆಚ್ಚಾಯಿತು. ಗೆರ್ಹಾರ್ಡ್ ಒಂದಾದ ಮೇಲೊಂದು ಆರು ತೊಡೆಗಳನ್ನು ಕಿಂಡಿಗೆ ನೂಕಿದ. ಏಳನೆಯದಕ್ಕೆ ಥೆಕ್ಲಾ ಅವನ ಕಾಲು ತುಳಿದಳು.

ಕ್ಲೆಮೆನ್ಸ್ ಜೇಬಿನಿಂದ ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿಕೊಂಡು ಹೇಳಿದ, "ಅತ್ತೆ, ನಿಮ್ಮ ಕೆಮ್ಮು ಭಾರಿ ಕೆಟ್ಟದ್ದು. ನೀವು ಕೆಮ್ಮಿದಾಗೆಲ್ಲ ಮಾಂಸ ಕೆಡುತ್ತೆ."

"ನಿನ್ನ ನಶ್ಯಕ್ಕೆ ಕೆಡದೇ ಇರೋದು ನನ್ನ ಕೆಮ್ಮಿಗೆ ಕೆಡುತ್ತೇನೋ? ಹೋಗಿ ಬಾಗಿಲು ಮುಚ್ಚು, ಹೋಗು."

ಅವನು ನಗುತ್ತಲೇ ಹೋದ. ಹೋಗುವಾಗ ಎರಡು ಸಲ ತಿರುಗಿ ನೋಡಿದ. ಅಂದಿನಿಂದ ಗುರುತು ಬದಲಾಯಿತು. ಒಳ್ಳೆಯದಾದರೆ ಥೆಕ್ಲಾ ಹಲ್ಲಿನಿಂದ ದಾರ ಕಡಿಯುತ್ತಿದ್ದಳು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಎಂಬತ್ತು ತೊಡೆ ಉಳಿದಿದ್ದವು. ಸ್ಟೀಮರ್ ನಾಲ್ಕಕ್ಕೆ ಹೊರಡುವುದಿತ್ತು, ಅದರ ಶಿಳ್ಳೆ ಆಗಲೇ ಒಂದು ಸಲ ಕೇಳಿತ್ತು. ಅಷ್ಟರಲ್ಲಿ ಪ್ರೂಡನ್ನರು ನ್ಯೂ ಆರ್ಲಿಯನ್ಸಿನ ವ್ಯಾಪಾರಿಯನ್ನು ಕರೆದುಕೊಂಡು ಬಂದರು. ಗಿಡ್ಡನೆಯ, ಬೆಳ್ಳಿ ಹಿಡಿಯ ಕೋಲಿನ ಮನುಷ್ಯ.

"ಇವನೇ ನೋಡಿ ನಾನು ಹೇಳಿದ್ದು. ಟೆಪೆ. ಈ ಊರಲ್ಲಿ ಇದೊಂದು ಮೂಗು ಸಾಕು ನಮಗೆ. ಗೆರ್ಹಾರ್ಡ್, ನಿನ್ನ ಪಾಡಿಗೆ ನೀನು ಮಾಡು, ಇವರು ನೋಡ್ಲಿ."

ಹೀಗೆಂದು ಪ್ರೂಡನ್ನರು ಚೆನ್ನಾಗಿ ಕಾಣಲೆಂದು ಮೇಜಿನ ಎಡಗಡೆಗೆ ಬಂದು ನಿಂತರು. ಸರಿಯಾಗಿ ಗೆರ್ಹಾರ್ಡನಿಗೂ ಥೆಕ್ಲಾಳಿಗೂ ನಡುವೆ. ಅವರ ಹೊಟ್ಟೆಯ ಹಿಂದೆ ಥೆಕ್ಲಾ, ಮುಕ್ಕಾಲಿ, ದಬ್ಬಣ ಎಲ್ಲ ಮರೆಯಾದವು. ಹೆಗಲ ಬಟ್ಟೆಯ ತುದಿ ಧಣಿಗಳ ಅಂಗಿಯ ಗುಂಡಿಗೆ ತಾಗುತ್ತಿತ್ತು.

ಗೆರ್ಹಾರ್ಡ್ ಚುಚ್ಚಿದ. ಮೊದಲನೆಯ ಕಡೆ ಬಿಗಿಯಾಗಿತ್ತು. ಎರಡನೆಯ ಕಡೆಯೂ ಬಿಗಿ. ಮೂರನೆಯ ಕಡೆ, ಮಂಡಿಯ ಕೀಲಿನ ಹತ್ತಿರ, ಕಡ್ಡಿ ಕೂದಲೆಳೆಯಷ್ಟು ಸಡಿಲವಾಗಿ ಇಳಿಯಿತೋ ಇಲ್ಲವೋ ತಿಳಿಯಲಿಲ್ಲ. ಎಳೆದು ಮೂಗಿಗೆ ಹಿಡಿದ. ದಾರ ಕಡಿಯುವ ಸದ್ದಿಗಾಗಿ ಕಾದ. ವ್ಯಾಪಾರಿ ಕೋಲಿನ ಮೇಲೆ ಎರಡೂ ಕೈಯೂರಿ ನೋಡುತ್ತಿದ್ದ. ಪ್ರೂಡನ್ನರು ಹೆಮ್ಮೆಯಿಂದ ಉಸಿರು ಬಿಗಿ ಹಿಡಿದಿದ್ದರು. ಒಂದೇ ಒಂದು ಮಾತು ಸಾಕಿತ್ತು. ಒಳ್ಳೇದು ಎಂದರೆ ಮುದ್ರೆ ಬೀಳುತ್ತದೆ, ಕೆಟ್ಟದ್ದು ಎಂದರೆ ಕಿಂಡಿ, ಯಾವುದೆಂದರೂ ಕೇಳುವವರಿಲ್ಲ. ಕಡ್ಡಿ ಇನ್ನೊಂದು ವರ್ಷ ಅವನದೇ.

ಬಿಳಿ ಬಟ್ಟೆಯ ಮೇಜು, ಸುತ್ತ ಕೂತ ಮಕ್ಕಳು ಮತ್ತೆ ಕಣ್ಣ ಮುಂದೆ ಬಂದರು. ಗೆರ್ಹಾರ್ಡನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಸ್ವಲ್ಪ ಸರೀತೀರಾ, ಧಣಿಗಳೆ," ಎಂದ. ಪ್ರೂಡನ್ನರು ಅರ್ಥವಾಗದೆ ಅರ್ಧ ಹೆಜ್ಜೆ ಸರಿದರು. ಅವನು ಅವರ ಹೊಟ್ಟೆಯ ಪಕ್ಕದಿಂದ ಕೈ ಚಾಚಿ ಕಡ್ಡಿಯನ್ನು ಹೆಂಡತಿಯ ಕೈಗೆ ಕೊಟ್ಟ.

ಹೊಲಿಯುತ್ತಿದ್ದ ಹೆಂಗಸರ ದಬ್ಬಣಗಳು ನಿಂತವು. ಮುದ್ರೆ ಒತ್ತುವವನು ಕಬ್ಬಿಣ ಹಿಡಿದುಕೊಂಡೇ ನಿಂತ. ಕ್ಲೆಮೆನ್ಸ್ ಹೊತ್ತ ತೊಡೆಯನ್ನು ಇಳಿಸುವುದನ್ನೇ ಮರೆತ. ಥೆಕ್ಲಾ ಗಂಡನ ಮುಖ ನೋಡಿದಳು, ಆಮೇಲೆ ಕಡ್ಡಿಯನ್ನು ಮೂಗಿನ ಕೆಳಗೆ ಹಿಡಿದಳು.

"ಕೆಟ್ಟಿದೆ," ಎಂದಳು. "ಮಂಡಿ ಹತ್ತಿರ."

"ಇದೇನಿದು?" ಎಂದರು ಪ್ರೂಡನ್ನರು.

"ನನ್ನ ಮೂಗು ಸತ್ತಿದೆ, ಧಣಿಗಳೆ. ಜ್ವರದಲ್ಲಿ ಹೋಯ್ತು. ಮಂಗಳವಾರದಿಂದ ಮೂಸ್ತಿರೋದು ಇವಳು. ಅದಕ್ಕೆ ಮುಂಚೆ ಯಾರೂ ಮೂಸಿಲ್ಲ. ಆ ತಪ್ಪು ನಂದು."

ಪ್ರೂಡನ್ನರ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಬಾಯಿ ತೆರೆಯುವಷ್ಟರಲ್ಲಿ ಕ್ಲೆಮೆನ್ಸ್ ತೊಡೆ ಕೆಳಗಿಟ್ಟು ಮುಂದೆ ಬಂದ. "ನಂಗೆ ಗುರುವಾರವೇ ಅನುಮಾನ ಬಂದಿತ್ತು, ಧಣಿ. ಕೊಡಿ ಅತ್ತೆ ಇಲ್ಲಿ." ಕಡ್ಡಿ ತೆಗೆದುಕೊಂಡು ಒಂದು ಹೊಳ್ಳೆಗೆ, ಆಮೇಲೆ ಇನ್ನೊಂದು ಹೊಳ್ಳೆಗೆ ಹಿಡಿದ. "ಏನೂ ಇಲ್ಲ ಇದ್ರಲ್ಲಿ. ಬಂಗಾರದಂಥ ಮಾಂಸ. ಹೆಂಗಸರ ಮಾತು ಕಟ್ಟಿಕೊಂಡು ಒಳ್ಳೆ ತೊಡೆ ಸೋಪಿಗೆ ಹಾಕ್ತಿದಾರೆ ಇವ್ರು."

ಪ್ರೂಡನ್ನರು ಕಡ್ಡಿ ಕಸಿದು ತಾವೇ ಮೂಸಿದರು. ಮೂವತ್ತು ವರ್ಷ ಈ ಊರಿನ ಗಾಳಿ ಕುಡಿದ ಮೂಗು. "ನಂಗೂ ಏನೂ ಇಲ್ಲ," ಎಂದರು. ಮುದ್ರೆಯವನೂ ಮೂಸಿ ತಲೆಯಾಡಿಸಿದ. ಹತ್ತೊಂಬತ್ತು ವರ್ಷ ಯಾರೂ ಮುಟ್ಟದ ಕಡ್ಡಿ ಒಂದು ನಿಮಿಷದಲ್ಲಿ ನಾಲ್ಕು ಕೈ ತಿರುಗಿತು.

"ಚಾಕು ಹಾಕಿ," ಎಂದಳು ಥೆಕ್ಲಾ. "ಮಾತು ಯಾಕೆ?"

ಕ್ಲೆಮೆನ್ಸ್ ಉತ್ಸಾಹದಿಂದಲೇ ಚಾಕು ತಂದು ಮಂಡಿಯ ಕೀಲಿನ ತನಕ ಕೊಯ್ದು ಅಗಲಿಸಿದ. ಮೂಳೆಯ ಸುತ್ತ ಮಾಂಸ ಹಸಿರುಗಟ್ಟಿತ್ತು. ಆಗ ವಾಸನೆ ಎಲ್ಲರಿಗೂ ಬಂತು. ವ್ಯಾಪಾರಿ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡ. ಅವನು ಹೊರಗಿನವನು, ಅವನ ಹತ್ತಿರ ಕರವಸ್ತ್ರ ಇನ್ನೂ ಇತ್ತು.

"ಊರಿಗೆ ಊರೇ ಮೂಗು ಕಳ್ಕೊಂಡಿದೆಯಲ್ರೀ," ಎಂದ ವ್ಯಾಪಾರಿ. "ಈ ತಾಯಿಗೆ ಮಾತ್ರ ಹೇಗೆ ಉಳೀತು?"

"ಈರುಳ್ಳಿ ಇಲ್ಲ, ಎಲೆಕೋಸಿಲ್ಲ, ಕಾಫಿ ಇಲ್ಲ, ಮನೇಲಿ ಒಂದು ಪೈಪಿನ ಹೊಗೆ ಇಲ್ಲ," ಎಂದಳು ಥೆಕ್ಲಾ. "ಇವರು ಕಾರ್ಖಾನೇಲಿ ಹೊಗೆ ಕುಡೀತಾ ಮೂಗು ಕಾಯ್ದ್ರು. ನಾನು ಮನೇಲಿ ಸುಮ್ನೆ ಕೂತು ಕಾಯ್ದೆ."

ಗೆರ್ಹಾರ್ಡನಿಗೆ ಇದು ಹೊಳೆದೇ ಇರಲಿಲ್ಲ. ತನ್ನ ಮೂಗಿಗೆಂದು ಹತ್ತೊಂಬತ್ತು ವರ್ಷ ಕಟ್ಟಿದ ಬೇಲಿಯೊಳಗೆ ಬೆಳೆದದ್ದು ಅವಳ ಮೂಗು.

ನದಿಯ ಕಡೆಯಿಂದ ಎರಡನೆಯ ಶಿಳ್ಳೆ ಕೇಳಿತು. ಪ್ರೂಡನ್ನರು ಉಳಿದ ತೊಡೆಗಳನ್ನು ನೋಡಿದರು, ವ್ಯಾಪಾರಿಯ ಮುಖ ನೋಡಿದರು, ಕೊನೆಗೆ ಗೆರ್ಹಾರ್ಡನ ಕಿವಿಯ ಹತ್ತಿರ ಬಗ್ಗಿದರು. "ಹೊರಗೆ ಯಾರಿಗೂ ಗೊತ್ತಾಗೋದು ಬೇಡ. ನೀನು ಮೊದಲಿನ ಹಾಗೇ ಮೂಗಿಗೆ ಹಿಡ್ಕೊಂಡು ನಿಂತಿರು. ಅವಳು ಹಿಂದಿನಿಂದ ಮೂಸ್ಲಿ."

"ಆಗಲ್ಲ," ಎಂದ ಗೆರ್ಹಾರ್ಡ್. "ಕಡ್ಡಿ ಕೊಟ್ಟಾಯ್ತು. ನಾನು ಮನೆಗೆ ಹೋಗ್ಬೇಕು." ಟೋಪಿಗೆ ಕೈ ಹಾಕಿದ.

"ಎಲ್ಲಿಗೆ ಹೊರಟ್ರಿ?" ಥೆಕ್ಲಾ ಮುದ್ರೆಯವನ ಕೈಯಿಂದ ಕಡ್ಡಿ ತೆಗೆದುಕೊಂಡು, ಕ್ಲೆಮೆನ್ಸನ ಹೆಗಲ ಮೇಲಿನ ಬಟ್ಟೆ ಎಳೆದು ಅದನ್ನು ಒರೆಸಿದಳು. "ಎಲ್ಲಿ ಚುಚ್ಚಬೇಕು, ಎಷ್ಟು ಆಳ ಅಂತ ನಂಗೇನು ಗೊತ್ತು? ನೀವು ಚುಚ್ಚಿ, ನಾನು ಮೂಸ್ತೀನಿ. ಎಲ್ಲರ ಎದುರಿಗೇ. ದಾರ ಕಡಿದು ಕಡಿದು ಹಲ್ಲು ನೋಯ್ತಿದೆ ನಂಗೆ."

"ಮುದ್ರೆ?" ಎಂದ ಮುದ್ರೆಯವನು.

"ಟೆಪೆ ಅಂತಲೇ ಇದೆಯಲ್ಲಪ್ಪ," ಎಂದಳು. "ನಾನೇನು ಕೆಂಟಕಿಯವಳಾ?"

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಕೊನೆಯ ಪೆಟ್ಟಿಗೆ ಹಡಗು ಹತ್ತಿತು. ಮುಂಚೆ ಹೋದ ಮಾಲಿನ ಪೈಕಿ ಎರಡು ತೊಡೆಯ ಬಗ್ಗೆ ಬೇಸಿಗೆಯಲ್ಲಿ ದೂರು ಬಂತು. ಪ್ರೂಡನ್ನರು ಪ್ರತಿಯಾಗಿ ಒಳ್ಳೆಯದನ್ನು ಕಳಿಸಿ, ಗೆರ್ಹಾರ್ಡನಿಂದ ಆ ದೂರಿನ ಕಾಗದಗಳನ್ನು ತಾವೇ ನಿಂತು ಓದಿಸಿದರು. ಅವನು ಎರಡನ್ನೂ ಕಡೆಯ ಅಕ್ಷರದ ತನಕ ಓದಿದ.

ಸೆಪ್ಟೆಂಬರಿನ ಒಂದು ಸಂಜೆ ಗೆರ್ಹಾರ್ಡ್ ಹಿತ್ತಲಿನಲ್ಲಿ ಕೂತಿದ್ದಾಗ ಈರುಳ್ಳಿ ಹುರಿದ ವಾಸನೆ ಬಂತು. ತೆಳ್ಳಗೆ, ಎಲ್ಲೋ ದೂರದಿಂದೆಂಬಂತೆ. ಬಂದು, ಹೋಗಿ, ಮತ್ತೆ ಬಂತು. ಎದ್ದು ನಿಂತ. ಅಡುಗೆಮನೆಯಲ್ಲಿ ಥೆಕ್ಲಾ ಬಾಣಲೆ ಕೈಯಾಡಿಸುತ್ತ ಏನೋ ಗುನುಗುತ್ತಿದ್ದಳು. ಓಡಿಹೋಗಿ ಹೇಳಬೇಕೆಂದು ಬಾಗಿಲ ತನಕ ಹೋದ. ಅಲ್ಲೇ ನಿಂತುಬಿಟ್ಟ. ಈಗ ಸಂತೆಗೆ ಹೋದರೆ ಕಟುಕರು ಅವಳಿಗೆ ಟೋಪಿ ತೆಗೆಯುತ್ತಿದ್ದರು. ಬೇರೆ ಕಾರ್ಖಾನೆಯ ಧಣಿಗಳು ಮನೆ ಹುಡುಕಿಕೊಂಡು ಬಂದು, ಅಮ್ಮಾವ್ರು ಇದಾರಾ ಎಂದು ಅವನನ್ನು ಕೇಳುತ್ತಿದ್ದರು. ಅದು ಅವನಿಗೆ ನೋವೆನಿಸಿರಲಿಲ್ಲ, ಖುಷಿಯೆನಿಸಿತ್ತು. ಅಷ್ಟೇ ಅಲ್ಲ, ಅವಳ ಮೂಗು ತನ್ನ ಮೂಗಿನ ಒಳ್ಳೆಯ ಕಾಲಕ್ಕಿಂತಲೂ ಚುರುಕು ಎಂದು ಎಂಬತ್ತು ತೊಡೆ ಮುಗಿಯುವಷ್ಟರಲ್ಲಿ ಅವನು ಕಂಡುಕೊಂಡಿದ್ದ.

ನವೆಂಬರಿನಲ್ಲಿ ಮಂಜು ಬಿದ್ದ ದಿನ ಈರುಳ್ಳಿಯ ಜಡೆಯನ್ನು ಅವನೇ ಗೋಡೆಯಿಂದ ಇಳಿಸಿ ಪಕ್ಕದ ಮನೆಗೆ ಕೊಟ್ಟು ಬಂದ. ಬರುವಾಗ ದಾರಿಯುದ್ದಕ್ಕೂ ಗೊಣಗಿದ. ಆಲೂಗಡ್ಡೆಯ ತಟ್ಟೆಯ ಮುಂದೆ ಕೂತು ಕೇಳಿದ, "ಇಷ್ಟು ಸಪ್ಪೆ ಹೇಗೆ ತಿಂದ್ಯೆ ಅ‌ಷ್ಟು ವರ್ಷ?"

"ಬೈಕೊಂಡು ತಿಂದೆ. ನೀವೂ ಬೈಕೊಂಡು ತಿನ್ನಿ." ಥೆಕ್ಲಾ ಒಂದು ಕ್ಷಣ ಅವನನ್ನೇ ನೋಡಿದಳು. "ಅಲ್ಲ, ಮೂಗಿಲ್ಲದವರಿಗೆ ಸಪ್ಪೆ ಏನು, ಖಾರ ಏನು?"

"ಏನೋ ಬಾಯಿಗೆ ಬಂತು, ಅಂದೆ," ಎಂದು ತಟ್ಟೆಯ ಮೇಲೆ ಬಗ್ಗಿದ.

ಜನವರಿಯಲ್ಲಿ ಹೊಸ ಮಾಲಿನ ಮೊದಲ ತೊಡೆ ಮೇಜಿಗೆ ಬಂತು. ಗೆರ್ಹಾರ್ಡ್ ಮೂರನೆಯ ಕಡೆ ಚುಚ್ಚಿ ಕಡ್ಡಿ ಎಳೆದ. ಎಳೆಯುವಾಗಲೇ ಹುಳಿ ವಾಸನೆಯ ಒಂದು ಎಳೆ ಅವನ ಮೂಗಿಗೆ ತಾಗಿತು. ಕೈ ತಾನಾಗಿ ತನ್ನ ಮುಖದ ಕಡೆಗೆ ಏರತೊಡಗಿತ್ತು. ಅದನ್ನು ಅರ್ಧದಲ್ಲಿ ತಡೆದು, ತಿರುಗಿಸಿ, ಹೆಂಡತಿಯ ಮೂಗಿನ ಕೆಳಗೆ ಹಿಡಿದ.

"ಕೆಟ್ಟಿದೆ," ಎಂದಳು ಥೆಕ್ಲಾ.

"ಹೌದಾ?" ಎಂದ ಗೆರ್ಹಾರ್ಡ್, ಮತ್ತು ತೊಡೆಯನ್ನು ಕಿಂಡಿಗೆ ನೂಕಿದ.